ಹಳೆಯ ಆಟವೋ, ಹಳೆಯ ವಯಸ್ಸೋ

ಧಾರವಾಡ, 14 ಜುಲೈ 2024, ರವಿವಾರ

"ಮಾಮಾ, ನಿಮಗ ಸೇರೂದು ಆ ಆಟ ಅಲ್ಲ, ಅದನ್ನ ಆಡೂ ಮುಂದ ನಿಮಗಿದ್ದ ವಯಸ್ಸು" ಎಂದು ಅಕ್ಕನ ಮಗ ಇಂದು ಸಂಜೆ ಆಡಿದ ಮಾತು ಊಟವಾದ ಮೇಲೂ ತಲೆಯಿಂದ ಹೋಗಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವನು, ಮಳೆ ಹಿಡಿದ ವಾರಗಳಲ್ಲಿ ಹಾಸ್ಟೆಲ್ಲಿನಲ್ಲಿ ಕೂರಲಾರದೆ ಚಿಗರಿ ಬಸ್ಸು ಹತ್ತಿ ಸಪ್ತಾಪುರದ ನಮ್ಮ ಮನೆಗೆ ಬಂದುಬಿಡುತ್ತಾನೆ. ಈ ಸಲ ತನ್ನ ಲ್ಯಾಪ್‌ಟಾಪಿನಲ್ಲಿ ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯೊಡನೆ ಕಾದಾಡುವ 'ಏಜ್ ಆಫ್ ಎಂಪೈರ್ಸ್' ಎಂಬ ಕಂಪ್ಯೂಟರ್ ಆಟದ ನಾಲ್ಕನೆಯ ಭಾಗವನ್ನು ಹಾಕಿಸಿಕೊಂಡು ಬಂದಿದ್ದ. ಮಧ್ಯಾಹ್ನವೆಲ್ಲ ಆಡಿದೆವು. ಹೇಗಿದೆ ಎಂದು ಕೇಳಿದಾಗ, ಚೆನ್ನಾಗಿದೆ, ಆದರೆ ಎರಡನೆಯದೇ ಮೇಲು ಎಂದೆ. ಅದಕ್ಕೆ ಬಂದ ಉತ್ತರ ಇದು.

ಅವನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಯಸ್ಸಾದವರನ್ನು ಕೂರಿಸಿ ಹಿಂದಿನದನ್ನು ನೆನೆಯಲು ಹೇಳಿದರೆ, ಹತ್ತರಿಂದ ಮೂವತ್ತರ ನಡುವಿನ ವರ್ಷಗಳ ನೆನಪುಗಳೇ ಉಳಿದ ವರ್ಷಗಳಿಗಿಂತ ದಟ್ಟವಾಗಿ ಬರುತ್ತವೆ ಎಂಬುದನ್ನು ಮನಃಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಯಾವುದೇ ವಸ್ತು ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಅಷ್ಟರಿಂದಲೇ ಅದು ಹಿಡಿಸತೊಡಗುತ್ತದೆ ಎಂದು ಮನಃಶಾಸ್ತ್ರಜ್ಞ ರಾಬರ್ಟ್ ಝಾಯೊಂಕ್ 1968ರಲ್ಲಿಯೇ ತೋರಿಸಿದ್ದರು. 1999ರಲ್ಲಿ ಬಂದ ಎರಡನೆಯ ಭಾಗ ನನ್ನ ಕೈಗೆ ಸಿಕ್ಕಿದ್ದು ಸರಿಯಾಗಿ ಆ ವಯಸ್ಸಿನಲ್ಲಿ, ವಿದ್ಯಾನಗರದ ಒಂದು ಸೈಬರ್ ಕೆಫೆಯಲ್ಲಿ. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ ಲ್ಯಾನ್ ಜಾಲದ ಮೂಲಕ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂತು ಆಡುತ್ತಿದ್ದೆವು. ಚಾಟ್‌ನಲ್ಲಿ 11 ಎಂದು ಒತ್ತಿದರೆ ಎಲ್ಲರ ಕಂಪ್ಯೂಟರುಗಳಿಂದಲೂ ಒಟ್ಟಿಗೇ ಗಹಗಹಿಸುವ ನಗು ಕೇಳಿಸುತ್ತಿತ್ತು. ಸೋಲುವ ಹೊತ್ತಿನಲ್ಲಿ ಅದನ್ನು ಒತ್ತಿ ನಮ್ಮನ್ನು ರೇಗಿಸುತ್ತಿದ್ದ ಗೆಳೆಯ ಈಗ ಪುಣೆಯಲ್ಲಿದ್ದಾನೆ. ದೀಪಾವಳಿಗೊಂದು ಸಂದೇಶ ಕಳಿಸುತ್ತಾನೆ, ಫೋನು ಮಾಡಿದರೆ ಎತ್ತುವುದಿಲ್ಲ. ಅವನಿಗೆ ಏನಾಗಿದೆಯೋ ತಿಳಿಯದು.

ಆದರೆ ಹಳೆಯ ದಿನಗಳ ಹಂಬಲವೇ ಎಲ್ಲಕ್ಕೂ ಕಾರಣವಾಗಿದ್ದರೆ, 1997ರ ಮೊದಲನೆಯ ಭಾಗ ನನಗೆ ಇನ್ನೂ ಹೆಚ್ಚು ಪ್ರಿಯವಾಗಬೇಕಿತ್ತು. ಅದೇ ಕೆಫೆ, ಅದೇ ಕುರ್ಚಿ, ಅದೇ ಗೆಳೆಯರು. ಅದನ್ನು ಆಡಿದ್ದೂ ಮೊದಲು. ಅದರಲ್ಲಿನ ಪೂಜಾರಿ ಶತ್ರುವಿನ ಸೈನಿಕನನ್ನು ತನ್ನ ಕಡೆಗೆ ಸೆಳೆಯುವಾಗ ಹಾಡುವ "ವೊಲೊಲೊ" ಎಂಬ ಉಲಿಯನ್ನು ನಾವು ಕ್ಯಾಂಟೀನಿನಲ್ಲಿಯೂ ಕೂಗುತ್ತಿದ್ದೆವು. ಇಷ್ಟೆಲ್ಲ ನೆನಪಿದ್ದರೂ ಇಂದು ಅದನ್ನು ತೆರೆದರೆ ಅರ್ಧ ಗಂಟೆಯೂ ಆಡಲಾಗುವುದಿಲ್ಲ. ಊರಿನ ಸುತ್ತ ಗೋಡೆ ಕಟ್ಟಬಹುದು, ಆದರೆ ಗೋಡೆಗೆ ಬಾಗಿಲೇ ಇಲ್ಲ. ನಮ್ಮ ಸೈನ್ಯ ಹೊರಗೆ ಹೋಗಬೇಕಾದರೆ ಗೋಡೆಯಲ್ಲಿ ಸಂದು ಬಿಟ್ಟಿರಬೇಕು, ಇಲ್ಲವೇ ನಾವೇ ಅದನ್ನು ಕೆಡವಬೇಕು. ಸೈನಿಕರನ್ನು ಸಾಲಾಗಿ ತಯಾರಿಸಲು ಹೇಳಿ ಬೇರೆ ಕೆಲಸಕ್ಕೆ ಹೋಗುವ ಅನುಕೂಲ 1998ರ ವಿಸ್ತರಣೆಯಲ್ಲಿ ಬಂದಿತೇ ಹೊರತು ಮೂಲ ಆಟದಲ್ಲಿರಲಿಲ್ಲ. ಒಟ್ಟು ಜನಸಂಖ್ಯೆಯ ಮಿತಿ ಐವತ್ತು. ಎರಡನೆಯ ಭಾಗ ಬಾಗಿಲನ್ನೂ ಕೊಟ್ಟಿತು, ಸೈನ್ಯಕ್ಕೆ ವ್ಯೂಹವನ್ನೂ ಕೊಟ್ಟಿತು, ದಾಳಿಯಾದಾಗ ಗಂಟೆ ಬಾರಿಸಿ ದುಡಿಯುವ ಜನರನ್ನೆಲ್ಲ ಕಟ್ಟಡದೊಳಗೆ ಸೇರಿಸುವ ಉಪಾಯವನ್ನೂ ಕೊಟ್ಟಿತು. ಅಂದು ಅದೇ ಹೊಸ ಭಾಗವಾಗಿತ್ತು, ನಾವೆಲ್ಲರೂ ಹಳೆಯದನ್ನು ಬಿಟ್ಟು ಅದರ ಹಿಂದೆ ಹೋದೆವು. ಹಾಗಿರುವಾಗ ಹಳೆಯದೆಂಬ ಕಾರಣಕ್ಕೆ ನಾನು ಅದನ್ನು ಹಿಡಿದುಕೊಂಡಿದ್ದೇನೆ ಎಂದರೆ ಹೇಗೆ ಒಪ್ಪಲಿ?

2005ರ ಮೂರನೆಯ ಭಾಗ ನೋಡಲು ಎರಡನೆಯದಕ್ಕಿಂತ ಎಷ್ಟೋ ಚೆಲುವಾಗಿತ್ತು; ಆ ನೀರಿನ ಹೊಳಪನ್ನು ಕಂಡು ಬೆರಗಾದದ್ದು ನೆನಪಿದೆ. ಆದರೂ ಮನಸ್ಸು ಅದರಲ್ಲಿ ನಿಲ್ಲಲಿಲ್ಲ, ಅದಕ್ಕೆ ಕಾರಣವನ್ನು ಬೆರಳಿಟ್ಟು ತೋರಿಸಬಲ್ಲೆ. ಎರಡನೆಯ ಭಾಗದಲ್ಲಿ ಮರ ಕಡಿದವನು ಕಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಲಂಬರ್ ಕ್ಯಾಂಪ್ ಎಂಬ ಕಟ್ಟಿಗೆ ಇಳಿಸುವ ಕಟ್ಟಡದವರೆಗೆ ನಡೆದು ಹೋಗಿ ಇಳಿಸಬೇಕು. ಇಳಿಸುವವರೆಗೂ ಅದು ನಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಕ್ಯಾಂಪನ್ನು ಕಾಡಿಗೆ ಎಷ್ಟು ಹತ್ತಿರ ಕಟ್ಟಬೇಕು, ಕಾಡು ಹಿಂದೆ ಸರಿದಂತೆ ಹೊಸದನ್ನು ಯಾವಾಗ ಕಟ್ಟಬೇಕು, ನಡೆಯುವ ದಾರಿಯಲ್ಲಿ ಶತ್ರುವಿನ ಕುದುರೆಗಳು ಎರಗಿದರೆ ಏನು ಮಾಡಬೇಕು ಎಂಬುದೆಲ್ಲ ಆಟವೇ ಆಗುತ್ತದೆ. ಮೂರನೆಯ ಭಾಗದಲ್ಲಿ ಕಡಿಯುತ್ತಿದ್ದಂತೆಯೇ ಕಟ್ಟಿಗೆ ಖಜಾನೆಗೆ ಸೇರಿಬಿಡುತ್ತದೆ, ಹೊರುವ ಮಾತೇ ಇಲ್ಲ; ಕಲ್ಲನ್ನು ಸಂಪನ್ಮೂಲಗಳ ಪಟ್ಟಿಯಿಂದಲೇ ತೆಗೆದುಹಾಕಿದರು. ಅದರ ಬದಲಿಗೆ ನಕ್ಷೆಯಲ್ಲೆಲ್ಲೂ ಇಲ್ಲದ ತಾಯ್ನಾಡಿನ ಒಂದು ನಗರದಿಂದ ಕಾರ್ಡುಗಳ ಮೂಲಕ ಸೈನ್ಯ, ಸರಕು ಬರುತ್ತವೆ, ಮತ್ತು ಹಿಂದೆ ಹೆಚ್ಚು ಪಂದ್ಯಗಳನ್ನಾಡಿದವನ ಬಳಿ ಹೆಚ್ಚು ಕಾರ್ಡುಗಳಿರುತ್ತಿದ್ದವು. ಎದುರಿನವನು ಏಕೆ ಗೆದ್ದ ಎಂಬುದು ಕಣ್ಣಿಗೆ ಕಾಣುವ ನೆಲದ ಮೇಲೆ ಇರಬೇಕು ಎಂದು ಬಯಸುವವನಿಗೆ ಇದು ಹೇಗೆ ಒಗ್ಗೀತು?

"ಆ ಕಾರ್ಡಿನ ಕಾಟ 2020ರ ಆವೃತ್ತಿಯೊಳಗ ತೆಗದಾರಲ್ಲ ಮಾಮಾ, ಎಲ್ಲಾ ಕಾರ್ಡು ಎಲ್ಲಾರಿಗೂ ಸಿಗತಾವು" ಎಂದು ಹುಡುಗ ನಡುವೆ ಬಾಯಿ ಹಾಕಿದ. ಅದು ನಿಜ, ಒಪ್ಪಿಕೊಂಡೆ. ಆಮೇಲೆ ಅವನು ಪರದೆಯನ್ನು ನನ್ನ ಕಡೆ ತಿರುಗಿಸಿ ನಾಲ್ಕನೆಯ ಭಾಗದ ಒಂದು ಸಂಗತಿಯನ್ನು ತೋರಿಸಿದ. ಎರಡನೆಯದರ ಮೊದಲ ಯುಗದಲ್ಲಿ ಬೇಕಾದ ಕಟ್ಟಡಗಳಿದ್ದು 500 ಆಹಾರ ಕೂಡಿದರೆ ಒಂದು ಗುಂಡಿ ಒತ್ತಿ ಮುಂದಿನ ಯುಗಕ್ಕೆ ಹೋಗುತ್ತೇವೆ, ಅಷ್ಟೆ. ನಾಲ್ಕನೆಯದರಲ್ಲಿ ಹೆಚ್ಚಿನ ಪಕ್ಷಗಳಿಗೆ ಎರಡು ಮಹಾಕಟ್ಟಡಗಳ ನಡುವೆ ಒಂದನ್ನು ಆರಿಸಿ ಕಟ್ಟಿದರೆ ಮಾತ್ರ ಯುಗ ಬದಲಾಗುತ್ತದೆ. ಇಂಗ್ಲಿಷರ ಪಕ್ಷ ಹಿಡಿದವನು ಕೌನ್ಸಿಲ್ ಹಾಲ್ ಕಟ್ಟಿದರೆ ಬಿಲ್ಲುಗಾರರು ಬೇಗಬೇಗ ಸಿದ್ಧರಾಗುತ್ತಾರೆ, ಎದುರಾಳಿ ಆ ಕಟ್ಟಡವನ್ನು ಕಂಡೊಡನೆ ಮುಂದೆ ಬರುವುದನ್ನು ಊಹಿಸಿಕೊಳ್ಳುತ್ತಾನೆ. "ಎಲ್ಲಾ ನೆಲದ ಮ್ಯಾಲೇ ಐತಲ್ಲ, ನೀವು ಕೇಳೂದು ಅದನ್ನ ಅಲ್ಲೇನು?" ಎಂದ. ಹೌದು, ನಾನು ಕೇಳುವುದು ಅದನ್ನೇ. ಹೊರುವ ಕೆಲಸವೂ ಇದರಲ್ಲಿ ಮರಳಿ ಬಂದಿದೆ. ದಂಡುಗಳು ಬೆರೆತಾಗ ಯಾರು ಯಾರೆಂದು ನನ್ನ ಕಣ್ಣಿಗೆ ಬೇಗ ತಿಳಿಯುವುದಿಲ್ಲ ಎಂಬ ದೂರೊಂದು ಉಳಿಯಿತು; ಅದು ಆಟದ ಕೊರತೆಯೋ, ನಲವತ್ತು ದಾಟಿದ ಕಣ್ಣಿನದೋ ಎಂದು ಅವನು ಕೇಳಲಿಲ್ಲ, ಒಳ್ಳೆಯ ಹುಡುಗ.

ನಡುವೆ ಗದಗಿನಿಂದ ಅಕ್ಕನ ಫೋನು ಬಂತು. ಪರೀಕ್ಷೆ ಹತ್ತಿರ ಬಂದಿರುವಾಗ ಹುಡುಗನ ಜತೆಗೆ ನೀನೂ ಆಟಕ್ಕೆ ಕೂತಿಯೇನು ಎಂದು ಬೈದಳು. ಬೈಸಿಕೊಂಡು ಮತ್ತೆ ಅದೇ ಮಾತಿಗೆ ಬಂದೆವು.

ಅವನ ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. 1999ರಲ್ಲಿ ಬಂದು ಮರೆತುಹೋದ ಕೆಟ್ಟ ಆಟಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲವಂತೆ. ಜರಡಿಯಲ್ಲಿ ಉಳಿದ ಕಾಳನ್ನು ತಂದು, ಇನ್ನೂ ಜರಡಿಗೆ ಬೀಳದ ಇಂದಿನ ರಾಶಿಯ ಪಕ್ಕದಲ್ಲಿಟ್ಟು ಹೋಲಿಸುತ್ತೇನಂತೆ. ಇದು ಸರಿಯಾದ ಆಕ್ಷೇಪವೆಂದೇ ನನಗೂ ಅನಿಸಿತು. ಆದರೆ ಆ ಜರಡಿ ಹಿಡಿದವರಲ್ಲಿ ನನ್ನ ವಯಸ್ಸಿನವರು ಮಾತ್ರ ಇಲ್ಲವಲ್ಲ! ಅವನ ಹಾಸ್ಟೆಲ್ಲಿನಲ್ಲಿ, ಈ ಆಟ ಬಂದಾಗ ಹುಟ್ಟೇ ಇರದಿದ್ದ ಹುಡುಗರು ರಾತ್ರಿ ಎರಡನೆಯ ಭಾಗವನ್ನೇ ಆಡುತ್ತಾರೆಂದು ಹೇಳಿದವನು ಅವನೇ. ಅವರಿಗೆ ಯಾವ ಸೈಬರ್ ಕೆಫೆಯ ನೆನಪಿದೆ? ಹಾಗೆ ಕೇಳಿದ್ದಕ್ಕೆ, "ಅವರ ಲ್ಯಾಪ್‌ಟಾಪಿನ್ಯಾಗ ಬ್ಯಾರೆ ಯಾವುದೂ ಸರಿಯಾಗಿ ಓಡೂದಿಲ್ಲ, ಅದಕ್ಕ" ಎಂದುಬಿಟ್ಟ. ಅದೂ ಇರಬಹುದು, ಆದರೆ ಓಡುವ ಆಟಗಳು ಬೇರೆಯೂ ಎಷ್ಟೋ ಇವೆ, ಅವುಗಳಲ್ಲಿ ಇದನ್ನೇ ಏಕೆ ಆರಿಸುತ್ತಾರೆ?

ಇದೆಲ್ಲ ಆದಮೇಲೆ, ಅವನು ಮಲಗಿದ ಮೇಲೆ, ನನಗೇ ಹೊಳೆದ ವಿಷಯವೊಂದಿದೆ. ನಾನು ಈಗ ಆಡುವುದು 1999ರ ಸಿ.ಡಿ.ಯನ್ನಲ್ಲ, 2019ರಲ್ಲಿ ಹೊಸದಾಗಿ ಸಿದ್ಧಪಡಿಸಿದ ಆವೃತ್ತಿಯನ್ನು. ಹಳೆಯದರಲ್ಲಿ ಹೊಲ ಬರಡಾದಾಗಲೆಲ್ಲ ನಾವೇ ಹೋಗಿ ಮತ್ತೆ ಬಿತ್ತಬೇಕಿತ್ತು. ಹೊಸದರಲ್ಲಿ ಅದು ತಾನಾಗಿಯೇ ಆಗುತ್ತದೆ, ಮತ್ತು ಆ ಅನುಕೂಲವಿಲ್ಲದ ಹಳೆಯ ಆಟಕ್ಕೆ ಮರಳಲು ನನಗೆ ಮನಸ್ಸಿಲ್ಲ. ಬರಿಯ ಹಂಬಲವಾಗಿದ್ದರೆ ಆ ಕಿರಿಕಿರಿಯೂ ನನಗೆ ಬೇಕಾಗಬೇಕಿತ್ತು. ಇಷ್ಟರವರೆಗೆ ವಾದ ನನ್ನ ಕಡೆಗಿದೆ. ಆದರೆ ಆಡುವವನು ಪಕ್ಷವಾಗಿ ಆರಿಸಿಕೊಳ್ಳುವ, ಮೊದಲು ಹದಿಮೂರಿದ್ದ ನಾಗರಿಕತೆಗಳು ಈಗ ನಲವತ್ತನ್ನು ಮೀರಿವೆ, 2022ರಲ್ಲಿ ದ್ರಾವಿಡರೂ ಬಂದರು, ನಾನು ಮಾತ್ರ ಇಂದಿಗೂ ಬ್ರಿಟನ್ಸ್ ಪಕ್ಷವನ್ನೇ ಹಿಡಿಯುತ್ತೇನೆ. ಅವರ ಬಿಲ್ಲುಗಾರರ ಬಾಣ ದೂರ ಹೋಗುತ್ತದೆ, ಕುರಿ ಕಾಯುವವರ ಕೆಲಸ ಬೇಗ ಆಗುತ್ತದೆ ಎಂದು ಕಾರಣ ಕೊಡಬಹುದು, ಆದರೆ ನಾನು ಅವರನ್ನು ಆರಿಸುವುದು ವಿದ್ಯಾನಗರದಲ್ಲಿ ಆರಿಸುತ್ತಿದ್ದೆ ಎಂಬುದಕ್ಕೆ. ಇಲ್ಲಿ ಹುಡುಗ ಹೇಳಿದ್ದು ನಿಜ. ಬೆಳಿಗ್ಗೆ ಅವನು ಬಸ್ಸಿಗೆ ಹೊರಡುವ ಮೊದಲು ದ್ರಾವಿಡರನ್ನು ಹಿಡಿದು ಒಂದು ಪಂದ್ಯ ಆಡಬೇಕೆಂದಿದ್ದೇನೆ. ಆ ಪಕ್ಷದ ಜತೆ ನನಗೆ ಯಾವ ನೆನಪೂ ಇಲ್ಲ. ಅದೂ ಇಷ್ಟೇ ಹಿಡಿಸಿದರೆ ಅವನಿಗೆ ಕೊಡಲು ಒಂದು ಉತ್ತರ ಸಿಕ್ಕಂತಾಯಿತು, ಹಿಡಿಸದಿದ್ದರೆ...