ಅಪ್ಪನಿಗೆ ಮಾತ್ರ ಹೇಳಿರಲಿಲ್ಲ

ಅಪ್ಪನಿಗೆ ಆಂಜಿಯೋಪ್ಲಾಸ್ಟಿ, ಅಂದರೆ ಹೃದಯದ ರಕ್ತನಾಳದ ಬ್ಲಾಕ್ ಬಿಡಿಸುವ ಚಿಕಿತ್ಸೆ, ಆಗಿದೆ ಅಂತ ನನಗೆ ಗೊತ್ತಾಗಿದ್ದು ಎರಡು ದಿನ ಕಳೆದ ಮೇಲೆ. "ಅಷ್ಟು ದೂರ ಕೂತು ಸುಮ್ನೆ ಗಾಬರಿ ಆಗ್ತೀಯ ಅಂತ ಹೇಳ್ಲಿಲ್ಲ" ಅಂದ ಅಣ್ಣ. ಸಿಟ್ಟು ಬಂತು, ನುಂಗಿಕೊಂಡೆ. ನಾಳ ಮತ್ತೆ ಮುಚ್ಚದಂತೆ ಸ್ಟೆಂಟ್ ಅನ್ನೋ ಪುಟ್ಟ ಜಾಲರಿ ಕೊಳವೆ ಒಂದು ಹಾಕಿದ್ದಾರೆ, ಆರಾಮಾಗಿದ್ದಾರೆ, ಇನ್ನೇನು ಬೇಕು?

ಮರುದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಳಗಿನ ಮನೆಯ ಅಜ್ಜಿ ಸಿಕ್ಕರು. ವಿಷಯ ಹೇಳಿದೆ. ಒದ್ದೆ ಬೆಡ್‌ಶೀಟ್ ಕೈಯಲ್ಲಿ ಹಿಡಿದುಕೊಂಡೇ, "ಅದು ನಮ್ಮ ಜ್ಯೂರಿಚ್‌ನದೇ ಅಲ್ವಾ!" ಅಂದರು.

ಹೌದು. ನಾನು ದಿನಾ ಟ್ರಾಮ್‌ನಲ್ಲಿ ದಾಟುವ ಯೂನಿವರ್ಸಿಟಿ ಆಸ್ಪತ್ರೆಯಲ್ಲೇ, 1977ರ ಸೆಪ್ಟೆಂಬರ್ 16ರಂದು, ಆಂಡ್ರಿಯಾಸ್ ಗ್ರುಂಟ್ಸಿಗ್ ಎನ್ನುವ ಡಾಕ್ಟರ್ ಎಚ್ಚರವಿದ್ದ ರೋಗಿಯೊಬ್ಬರ ಹೃದಯದ ರಕ್ತನಾಳಕ್ಕೆ ಮೊದಲ ಸಲ ಬಲೂನ್ ತೂರಿಸಿ ಹಿಗ್ಗಿಸಿದ್ದು. ಶುರುವಿನ ಬಲೂನುಗಳನ್ನು ಹೆಂಡತಿ, ಸಹಾಯಕಿ ಜೊತೆ ಮನೆಯ ಅಡುಗೆಮನೆ ಮೇಜಿನ ಮೇಲೆ ಕೈಯಾರೆ ಮಾಡಿದ್ದರಂತೆ. ಸ್ಟೆಂಟ್ ಆಗಿನ್ನೂ ಇರಲಿಲ್ಲ, ಅದು ಬಂದಿದ್ದು 1986ರಲ್ಲಿ. ಆದರೂ 10 ವರ್ಷ ಬಿಟ್ಟು ನೋಡಿದಾಗ ಆ ನಾಳ ತೆರೆದೇ ಇತ್ತು. ರೋಗಿಗೆ ಆಗ 38 ವರ್ಷ. ನೀವೇ ಮೊದಲನೆಯವರು ಅಂತ ಹೇಳಿಯೇ ಒಪ್ಪಿಸಿದ್ದರು.

ಅಜ್ಜಿ ಕೇಳಿದರು, "ಡಾಕ್ಟರ್ ಹೇಳಿದಾಗ ನಿಮ್ಮಪ್ಪ ಏನಂದ್ರು?"

ನನಗೆ ಮಾತೇ ಹೊರಡಲಿಲ್ಲ. ಡಾಕ್ಟರ್ ಹೇಳಿದ್ದು ಅಣ್ಣನಿಗೆ. ಚಿಕ್ಕಪ್ಪನಿಗೆ ಗೊತ್ತಿತ್ತು, ಮಾವನಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಿತ್ತು. ಅಪ್ಪನಿಗೆ ಮಾತ್ರ "ಸಣ್ಣ ಟೆಸ್ಟ್, ಕೈಯಿಂದ ಟ್ಯೂಬ್ ಹಾಕಿ ನೋಡ್ತಾರೆ" ಅಂದಿದ್ದರು. ನನಗೆ ಹೇಳಲಿಲ್ಲ ಅಂತ ಮುನಿಸಿಕೊಂಡಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ರಾತ್ರಿ ಅಪ್ಪನಿಗೇ ಫೋನ್ ಮಾಡಿ ಕೇಳಿದೆ.

"ಸ್ಕ್ರೀನಲ್ಲಿ ಎಲ್ಲ ಕಾಣ್ತಿತ್ತಲ್ಲ" ಅಂದರು. "ಡೈ ಬಿಟ್ಟಾಗ ನಾಳಗಳು ಬೇರಿನ ಹಾಗೆ ಕಪ್ಪಗೆ ಹರಡ್ಕೊಂಡ್ವು. ಒಂದು ಕಡೆ ಮಾತ್ರ ದಾರದಷ್ಟು ಸಣ್ಣ. ಅಲ್ಲಿ ಬಲೂನ್ ಊದಿದಾಗ ಎದೆ ಹಿಂಡಿದ ಹಾಗಾಯ್ತು, ಸ್ವಲ್ಪ ಹೊತ್ತು ಅಷ್ಟೇ. ನಾನು ಒಳಗೆ ಗಾಳಿ ಅಂದ್ಕೊಂಡಿದ್ದೆ. ಅಲ್ವಂತೆ, ಅದೇ ಡೈಯನ್ನ ಸಲೈನಿಗೆ ಬೆರೆಸಿ ತುಂಬ್ತಾರಂತೆ."

"ಯಾರು ಹೇಳಿದ್ರು?"

"ಅಲ್ಲಿದ್ದ ಟೆಕ್ನಿಷಿಯನ್ ಹುಡುಗನ್ನ ಕೇಳ್ದೆ. ಬ್ಲಾಕ್ ಎಷ್ಟಿತ್ತು ಅಂತಾನೂ ಕೇಳ್ಕೊಂಡೆ."

ಆಮೇಲೆ ದನಿ ತಗ್ಗಿಸಿದರು. "ನಂಗೆ ಗೊತ್ತು ಅಂತ ನಿಮ್ಮಣ್ಣನಿಗೆ ಹೇಳ್ಬೇಡ. ಗಾಬರಿ ಆಗ್ತಾನೆ."