ಇಬ್ಬರ ಮೂವತ್ತೈದು

ಮಗಳ ಶಾಲೆಯಲ್ಲಿ ಒಂದು ದಿನ ಪೋಷಕರೇ ಬಂದು ಪಾಠ ಮಾಡಿ ಅಂದಾಗ ಮೊದಲು ಕೈ ಎತ್ತಿದವನು ನಾನು. ಮೂರನೇ ಕ್ಲಾಸು, ಕಳೆಯುವ ಲೆಕ್ಕ, 40 ನಿಮಿಷದ ಒಂದೇ ಪೀರಿಯಡ್. ಆಫೀಸಿನಲ್ಲಿ ದಿನಾ ಎದ್ದು ನಿಂತು ಮಾತಾಡುವವನಿಗೆ ಮಕ್ಕಳು ಯಾವ ಲೆಕ್ಕ ಅಂದುಕೊಂಡಿದ್ದೆ.

ಕ್ಲಾಸಿನಲ್ಲಿ 38 ಮಕ್ಕಳು. ಟೀಚರ್ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಪೆನ್ಸಿಲ್ ಕಾಣದವರು, ನೀರು ಕುಡಿಯಬೇಕಾದವರು, ಪಕ್ಕದವನು ಚಿವುಟಿದ ಅನ್ನುವವರು, ಇವರನ್ನು ಸುಧಾರಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ನಾನು ದನಿ ಏರಿಸಿದೆ. ಅವರೂ ಏರಿಸಿದರು.

ಬೋರ್ಡಿನ ಮೇಲೆ 52ರಲ್ಲಿ 27 ಕಳೆಯಿರಿ ಅಂತ ಬರೆದೆ. ‘ಎರಡರಲ್ಲಿ ಏಳು ಹೋಗುತ್ತಾ?’ ಅಂತ ಕೇಳಿ, ಅವರು ಬಾಯಿ ಬಿಡುವ ಮೊದಲೇ ‘ಹೋಗಲ್ಲ, ಅಲ್ವಾ?’ ಅಂದೆ. ಎಲ್ಲರೂ ‘ಹೌದು ಸರ್’ ಅಂದರು. ಪಾಠ ಚೆನ್ನಾಗಿ ಹೋಗ್ತಿದೆ ಅನ್ನಿಸಿತು.

ಹೆಚ್ಚಿನವರಿಗೆ 25 ಬಂತು. ಇಬ್ಬರು ಮಾತ್ರ 35 ಬರೆದಿದ್ದರು. ಒಬ್ಬ ಕಿಟಕಿ ಪಕ್ಕದ ಹುಡುಗ, ಇನ್ನೊಬ್ಬಳು ನನ್ನ ಮಗಳೇ. ‘ಗಮನ ಇಟ್ಟು ಮಾಡಿ’ ಅಂದೆ. ಮನೆಯಲ್ಲೂ ಅವಳಿಗೆ ನಾನು ಹೇಳುವುದು ಅದನ್ನೇ.

ಅಷ್ಟರಲ್ಲಿ ಟೀಚರ್ ಎದ್ದು ಬಂದರು. ‘ಸರ್, ಒಂದು ಲೆಕ್ಕ ನಾನು ಕೊಡ್ಲಾ?’ ಅಂದು 62ರಲ್ಲಿ 38 ಅಂತ ಬರೆದರು. ಈ ಸಲ ಹುಡುಗನಿಗೆ 36 ಬಂತು, ಮಗಳಿಗೆ 34.

‘ನೀನು ಹೇಗೆ ಮಾಡಿದೆ?’ ಅಂತ ಹುಡುಗನನ್ನು ಕೇಳಿ ಸುಮ್ಮನೆ ನಿಂತರು. ಅವನು ಮಾತಾಡಲಿಲ್ಲ. ನನಗೇ ಚಡಪಡಿಕೆ. ಕೊನೆಗೆ ಅವನು ಮೆಲ್ಲಗೆ, ‘ಎಂಟರಲ್ಲಿ ಎರಡು ಕಳೆದೆ ಮಿಸ್. ದೊಡ್ಡದರಲ್ಲಿ ತಾನೇ ಚಿಕ್ಕದು ಕಳೀಬೇಕು?’ ಅಂದ. (ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಗಮನಿಸಿದ್ದರು ಅಂತ ಆಮೇಲೆ ಓದಿದೆ. ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರಂತೆ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದಂತೆ. ನಾನು ಅರ್ಧ ಸೆಕೆಂಡೂ ಕಾದಿರಲಿಲ್ಲ.)

ಮಗಳದ್ದು ಬೇರೆಯೇ ಕಥೆ. ಅವಳು ಪಕ್ಕದಿಂದ ಹತ್ತು ಸಾಲ ತಂದು, ಹನ್ನೆರಡರಲ್ಲಿ ಎಂಟು ಸರಿಯಾಗಿಯೇ ಕಳೆದಿದ್ದಳು. ಸಾಲ ಕೊಟ್ಟ ಆರು ಐದಾಗಿದ್ದು ಮಾತ್ರ ಮರೆತಿತ್ತು. ಟೀಚರ್ ಬೀರುವಿನಿಂದ ಕಡ್ಡಿಗಳ ಕಟ್ಟು ತಂದರು. ಹತ್ತತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಮಗಳು ಒಂದು ಕಟ್ಟು ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಸೇರಿಸಿದಳು, ಉಳಿದ ಕಟ್ಟುಗಳನ್ನು ನೋಡಿ ‘ಅಯ್ಯೋ, ಐದೇ ಇದೆ!’ ಅಂದಳು. ಎಷ್ಟು ದಿನದಿಂದ ಅವಳನ್ನು ಗಮನ ಇಲ್ಲ, ಗಮನ ಇಲ್ಲ ಅಂತ ಬೈದಿದ್ದೆನೋ.

ಬೆಲ್ ಆದ ಮೇಲೆ ಟೀಚರ್ ವಿವರಿಸಿದರು. ‘ನಿಮ್ಮ ಲೆಕ್ಕದಲ್ಲಿ ಇದು ಗೊತ್ತಾಗಲ್ಲ ಸರ್. ಏಳರಲ್ಲಿ ಎರಡು ಕಳೆದರೂ ಐದು, ಹನ್ನೆರಡರಲ್ಲಿ ಏಳು ಕಳೆದರೂ ಐದು. ಯಾವ ದಾರೀಲಿ ತಪ್ಪಿದ್ರೂ 35 ಬರುತ್ತೆ.’ ಹಿಂದಿನ ಬೆಂಚಿನಲ್ಲಿ ಕೂತಲ್ಲೇ, ಎರಡು ತಪ್ಪನ್ನೂ ಬೇರೆ ಬೇರೆ ಮಾಡಿ ತೋರಿಸುವ ಲೆಕ್ಕವೊಂದನ್ನು ಅವರು ಹುಡುಕಿದ್ದರು. ನನಗೆ ಸುಮ್ನೆ ಎರಡು ಸಂಖ್ಯೆ ಕಂಡಿದ್ದವು ಅಷ್ಟೇ.

ಸ್ಟಾಫ್ ರೂಮಿನ ಮೇಜಿನ ಮೇಲೆ 38 ನೋಟ್‌ಬುಕ್. ಒಂದಕ್ಕೆ ಮೂರು ನಿಮಿಷ ಅಂದರೂ 114 ನಿಮಿಷ, ಎರಡು ಗಂಟೆಗೆ ಆರೇ ನಿಮಿಷ ಕಮ್ಮಿ. ಅದೂ ಒಂದೇ ವಿಷಯದ್ದು. ಅವರು ಅದನ್ನೆಲ್ಲ ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದರು. ಮನೆಯಲ್ಲಿ ಬೇಜಾರಾಗಲ್ವಾ ಅಂದೆ. ‘ಸರಿ ಇರೋದನ್ನ ತಿದ್ದೋಕೆ ಬೇಜಾರು. ತಪ್ಪು ಓದೋಕೆ ಚೆನ್ನಾಗಿರುತ್ತೆ’ ಅಂದು ನಕ್ಕರು. ದನಿ ಒಡೆದಿತ್ತು. ಅವತ್ತು ಅವರಿಗೆ ಇನ್ನೂ ಎರಡು ಪೀರಿಯಡ್ ಬಾಕಿ ಇತ್ತು.

ಏನಾದ್ರೂ ಸಹಾಯ ಮಾಡೋಣ ಅಂತ ಬಿಚ್ಚಿದ ಕಡ್ಡಿಗಳನ್ನು ಮತ್ತೆ ಕಟ್ಟಲು ಕೂತೆ. ನಾಲ್ಕು ಕಟ್ಟು ಮುಗಿಸಿ ಅವರ ಕಡೆ ತಳ್ಳಿದೆ. ಅವರು ಅದರಲ್ಲಿ ಒಂದನ್ನು ಎತ್ತಿ ನೋಡಿದರು. ಏನೂ ಅನ್ನದೆ ಅದನ್ನು ನನ್ನ ಮುಂದೆ ವಾಪಸ್ ಇಟ್ಟು ಕಾದರು. ಎಣಿಸಿದೆ. ಒಂಬತ್ತೇ ಇತ್ತು.