ಅಮ್ಮನ ಕೆಂಪು ಬಾಟಲಿ, ಅಂಗಡಿಯೊಳಗಿನ ಅಂಗಡಿ

2014ರಲ್ಲಿ ಅಮ್ಮ ತಿಪಟೂರಿನಿಂದ ನಮ್ಮ ಮನೆಗೆ, ಅಮೆರಿಕದ ಮಿನೆಸೋಟಾಗೆ ಬಂದಿದ್ದಳು. ನಾಲ್ಕು ತಿಂಗಳಿಗೆ ಅಂತ ಬಂದವಳು ಮೊಮ್ಮಗಳನ್ನು ಬಿಟ್ಟು ಹೋಗಲಾರದೆ ಆರು ತಿಂಗಳು ಉಳಿದಳು, ತಂದಿದ್ದ ಬಿಪಿ ಮಾತ್ರೆ ಖಾಲಿಯಾಯಿತು. ಇಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಟಾರ್ಗೆಟ್‌ಗೆ ಹೋದೆವು. ಹಾಲಿನಿಂದ ಹಿಡಿದು ಹಾಸಿಗೆವರೆಗೆ ಎಲ್ಲ ಸಿಗುವ ದೊಡ್ಡ ಅಂಗಡಿ ಅದು, 1962ರಲ್ಲಿ ಇದೇ ರಾಜ್ಯದ ರೋಸ್‌ವಿಲ್‌ನಲ್ಲಿ ಶುರುವಾಗಿದ್ದು. ಒಳಗೆ ಕಾಲಿಡುತ್ತಲೇ ಸ್ಟಾರ್‌ಬಕ್ಸ್ ಕಾಫಿ ಕೌಂಟರ್.

"ಇದೇನೇ, ಅಂಗಡಿಯೊಳಗೆ ಇನ್ನೊಬ್ಬರ ಅಂಗಡಿ?" ಅಂದಳು ಅಮ್ಮ. ಆಮೇಲೆ ಅವಳೇ ಹೇಳಿದಳು, ನಮ್ಮೂರ ಜವಳಿ ಅಂಗಡಿ ಜಗಲಿ ಮೇಲೆ ದರ್ಜಿ ಮಿಷನ್ ಹಾಕಿಕೊಂಡು ಕೂರ್ತಿದ್ದನಲ್ಲ, ಹಾಗೇ ಅಲ್ವಾ ಅಂತ. ಹಾಗೇ. ಬಟ್ಟೆ ಕೊಂಡವರು ಅಲ್ಲೇ ಅಳತೆ ಕೊಟ್ಟು ಹೋಗುತ್ತಿದ್ದರು, ಇಬ್ಬರಿಗೂ ವ್ಯಾಪಾರ.

ಆದರೆ ಇಲ್ಲಿ ಒಳಗಿನ ಲೆಕ್ಕ ಬೇರೆ. ಹಸಿರು ಏಪ್ರನ್ ಹಾಕಿಕೊಂಡು ಕಾಫಿ ಕೊಡುವ ಹುಡುಗಿಗೆ ಸಂಬಳ ಕೊಡುವುದು ಸ್ಟಾರ್‌ಬಕ್ಸ್ ಅಲ್ಲ, ಟಾರ್ಗೆಟ್. ಹೆಸರು, ಕಾಫಿ ಪುಡಿ, ಮಾಡುವ ವಿಧಾನ ಅವರದು. ಜಾಗ, ಕೆಲಸಗಾರರು ಇವರದು.

ಆಗಿನ್ನೂ ಔಷಧಿ ಕೌಂಟರ್ ಟಾರ್ಗೆಟ್‌ನ ಸ್ವಂತದ್ದಾಗಿತ್ತು. ಅಮ್ಮನಿಗೆ ಅಲ್ಲಿ ಕೊಟ್ಟ ಬಾಟಲಿಯನ್ನು ನಾನು ಮರೆಯಲಾರೆ. ಕಡು ಕೆಂಪು, ಮುಂದೆ ಹಿಂದೆ ಚಪ್ಪಟೆ, ಮುಚ್ಚಳದ ಮೇಲೆ ತಲೆಕೆಳಗಾಗಿ ನಿಲ್ಲುತ್ತಿತ್ತು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಮಾತ್ರೆಯ ಹೆಸರು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಕತ್ತಿನ ಸುತ್ತ ಬಣ್ಣದ ರಬ್ಬರ್ ಬಳೆ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಅಮ್ಮನದು ಹಸಿರು. ಇಂಗ್ಲಿಷ್ ಓದಲು ಬಾರದ ಅಮ್ಮ ಯಾರನ್ನೂ ಕೇಳದೆ ತನ್ನ ಬಾಟಲಿ ತಾನೇ ತೆಗೆದುಕೊಳ್ಳುತ್ತಿದ್ದಳು. ಅದನ್ನು ರೂಪಿಸಿದವರು ಡೆಬೊರಾ ಆಡ್ಲರ್. ಅವರ ಅಜ್ಜಿ ಒಮ್ಮೆ ಗೊತ್ತಿಲ್ಲದೆ ತಾತನ ಮಾತ್ರೆ ನುಂಗಿಬಿಟ್ಟಿದ್ದರಂತೆ. ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳು ಅದೇ ಚಿಂತೆಯಲ್ಲಿ ಮಾಡಿದ ವಿನ್ಯಾಸವನ್ನು 2005ರಲ್ಲಿ ಟಾರ್ಗೆಟ್ ಬಳಕೆಗೆ ತಂದಿತು.

2015ರಲ್ಲಿ ಟಾರ್ಗೆಟ್ ತನ್ನ 1,600ಕ್ಕೂ ಹೆಚ್ಚು ಔಷಧಿ ಕೌಂಟರ್‌ಗಳನ್ನು ಸಿವಿಎಸ್ ಅನ್ನುವ ಔಷಧಿ ಅಂಗಡಿಗಳ ಕಂಪನಿಗೆ ಸುಮಾರು 190 ಕೋಟಿ ಡಾಲರ್‌ಗೆ ಮಾರಿತು. ಜಾಗ ಅದೇ, ಬೋರ್ಡ್ ಮಾತ್ರ ಬದಲು, ಮತ್ತು ಇಲ್ಲಿ ಕೆಲಸಗಾರರೂ ಸಿವಿಎಸ್‌ನವರೇ. ಔಷಧಿ ಮಾರುವುದೇ ಕಸುಬಾದವರ ಕೈಗೆ ಆ ಕೆಲಸ ಕೊಟ್ಟಿದ್ದರಲ್ಲಿ ತಪ್ಪೇನಿಲ್ಲ. ಆದರೆ ಕೆಂಪು ಬಾಟಲಿ ನಿಂತುಹೋಯಿತು. ಎಲ್ಲ ಕಡೆ ಸಿಗುವ ಮಾಮೂಲಿ ದುಂಡು ಬಾಟಲಿ ಬಂತು. ಎಷ್ಟೋ ಜನ ಬೇಜಾರು ಮಾಡಿಕೊಂಡು ಕಂಪನಿಗೆ ಬರೆದರು, ಹಳೇ ಬಾಟಲಿಗಳನ್ನು ತೊಳೆದು ಇಟ್ಟುಕೊಂಡವರೂ ಇದ್ದರು. ನನಗೂ ತುಂಬಾ ನೋವಾಯಿತು. ಕೊಡುಕೊಳ್ಳುವವರು ಕೌಂಟರ್ ಲೆಕ್ಕ ಹಾಕುತ್ತಾರೆ, ರೋಗಿಗಳು, ವಯಸ್ಸಾದವರು ನೆಚ್ಚಿಕೊಂಡಿದ್ದ ಒಂದು ಬಾಟಲಿಯನ್ನೂ ಯಾರಾದರೂ ಲೆಕ್ಕಕ್ಕೆ ಸೇರಿಸಬೇಕಿತ್ತು.

ಆಮೇಲೆ 2021ರಲ್ಲಿ ಅಲ್ಟಾ ಬಂತು, ಸೌಂದರ್ಯ ಸಾಧನಗಳ ಅಂಗಡಿ. ಅಲ್ಲಿ ನಿಲ್ಲುತ್ತಿದ್ದವರು ಟಾರ್ಗೆಟ್‌ನವರೇ, ಅಲ್ಟಾ ತರಬೇತಿ ಕೊಟ್ಟಿರುತ್ತಿತ್ತು. ಅದೇ ವರ್ಷ ಕೋಲ್ಸ್ ಅನ್ನುವ ಇನ್ನೊಂದು ಕಂಪನಿಯ ದೊಡ್ಡ ಅಂಗಡಿಗಳಲ್ಲಿ ಸೆಫೋರಾ ಅನ್ನುವ ಸೌಂದರ್ಯ ಸಾಧನಗಳ ಅಂಗಡಿ ಶುರುವಾಯಿತು, ಅದು ಇನ್ನೂ ಬೆಳೆಯಿತು. ಅಲ್ಟಾ ಕಥೆ ಹಾಗಾಗಲಿಲ್ಲ. 2026ರ ಆಗಸ್ಟ್‌ಗೆ ಒಪ್ಪಂದ ಮುಗಿಸುತ್ತೇವೆ ಅಂತ 2025ರಲ್ಲಿ ಎರಡೂ ಕಂಪನಿಗಳು ಹೇಳಿದವು. ನನ್ನ ಮಗಳಿಗೆ ಬೇಸರ, ಅವಳು ತುಟಿಗೆ ಹಚ್ಚುವ ಮೊದಲ ಬಣ್ಣ ಆರಿಸಿದ್ದು ಅಲ್ಲಿಯೇ.

ಹಿಮ ಬೀಳುವ ಊರಲ್ಲಿ ಮಗು, ಮುದುಕರನ್ನು ಕರೆದುಕೊಂಡು ಒಂದೇ ಸಲ ಕಾರು ನಿಲ್ಲಿಸಿ ಹಾಲು, ಮಾತ್ರೆ, ಕಾಫಿ ಎಲ್ಲ ಮುಗಿಸುವುದು ಎಷ್ಟು ದೊಡ್ಡ ಉಪಕಾರ ಅಂತ ಇಲ್ಲಿ ಇದ್ದವರಿಗೇ ಗೊತ್ತು. ಹಾಗಾಗಿ ಈ ವ್ಯವಸ್ಥೆ ಬೇಡ ಅನ್ನಲಾರೆ. ನಾನು ಈಗಲೂ ಅಲ್ಲಿಗೇ ಹೋಗುತ್ತೇನೆ.

ಅಮ್ಮ ಮತ್ತೆ ಬಂದಾಗ ದುಂಡು ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಯಾವುದು ತನ್ನದು ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮಗಳು ಒಳಗೆ ಹೋಗಿ ತನ್ನ ಜಡೆಯ ರಬ್ಬರ್ ಬ್ಯಾಂಡ್ ತಂದು ಒಂದಕ್ಕೆ ಸುತ್ತಿದಳು. ಹಸಿರು ಬಣ್ಣದ್ದೇ ಹುಡುಕಿ ತಂದಿದ್ದಳು.